ಮನಸ್ಸು ಅಳೆಯಲು ಬಂದವನು

ಅಶ್ವತ್ಥಮ್ಮನ ಕುರ್ಚಿಯಲ್ಲಿ ಯಾರೋ ಗಂಡಸು ಕೂತಿದ್ದ.

ಉರಿಗಾಂನ ಕದಿರಪ್ಪನವರ ಹೊಲಿಗೆ ಶೆಡ್ಡಿನಲ್ಲಿ ಇದ್ದದ್ದೇ ಒಂದು ಕುರ್ಚಿ. ಚಿನ್ನದ ಗಣಿಗೆ ಬೇಕಾದ ಕ್ಯಾನ್ವಾಸ್ ಚೀಲ, ಖಾಕಿ ಬಟ್ಟೆ ಹೊಲಿಯುವ ಹೆಂಗಸರಿಗೆಲ್ಲ ಸ್ಟೂಲು. ಕುರ್ಚಿ ಮೇಸ್ತ್ರಿಗೆ ಮಾತ್ರ. ಚೀನಾ ಯುದ್ಧಕ್ಕೆ ಹಿಂದಿನ ವರ್ಷ ಅದು. ಹೆಂಗಸೊಬ್ಬಳು ಮೇಸ್ತ್ರಿಯಾಗುವುದು ಆಗ ಅಪರೂಪ. ಬಂಗಾರಪೇಟೆಯ ಪಕ್ಕದ ಹಳ್ಳಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಅಶ್ವತ್ಥಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿಗೇ ಆ ಕುರ್ಚಿ ಹಿಡಿದಿದ್ದಳು, ಅದೂ ಬಾಯಿಯ ಬಲದಿಂದ. ಅವಳ ದನಿ ಕೇಳಿದರೆ ಮಿಷನ್ನುಗಳು ತಾವಾಗಿಯೇ ಓಡುತ್ತವೆ ಎಂದು ಶೆಡ್ಡಿನಲ್ಲಿ ಆಡಿಕೊಳ್ಳುತ್ತಿದ್ದರು, ಅವಳಿಲ್ಲದಾಗ.

"ಏಳ್ರೀ ಮೇಲೆ," ಅಂದಳು.

ಅವನು ಎದ್ದ. ತೆಳ್ಳಗೆ ಎತ್ತರದ ಆಳು. ಕನ್ನಡಕದ ಹಿಂದೆ ನಗಲೋ ಬೇಡವೋ ಎಂದು ಕೇಳುವಂಥ ಕಣ್ಣು. ಕೈಯಲ್ಲೊಂದು ದುಂಡನೆಯ ಗಡಿಯಾರ.

"ನಾನು ಚಲಪತಿ. ಬೆಂಗಳೂರಲ್ಲಿ ಕೈಗಾರಿಕಾ ಮನಶ್ಶಾಸ್ತ್ರದ ಡಿಪ್ಲೊಮಾ ಓದ್ತಾ ಇದ್ದೀನಿ. ಸ್ವಲ್ಪ ಕಾಲ ಇಲ್ಲಿದ್ದು, ಕೆಲಸ ಮಾಡೋರ ಮನಸ್ಸು ಹೇಗಿರುತ್ತೆ ಅಂತ ನೋಡಬೇಕು."

"ಮನಸು ನೋಡಕ್ಕೆ ಗಡಿಯಾರ ಯಾತಕ್ಕೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಲಪತಿ ಗಡಿಯಾರವನ್ನು ಜೇಬಿಗೆ ಹಾಕಿಕೊಂಡ. ಮತ್ತೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಇದರಿಂದ ಅಶ್ವತ್ಥಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. ಜಗಳಕ್ಕೆ ಇದ್ದ ಒಳ್ಳೆಯ ಕಾರಣವೊಂದು ಹೋಯಿತಲ್ಲ.

ಅವನು ಶೆಡ್ಡನ್ನು ಬುಡಮೇಲು ಮಾಡತೊಡಗಿದ. ಕದಿರಪ್ಪನವರನ್ನು ಒಪ್ಪಿಸಿ, ವರ್ಷಗಳಿಂದ ಮೊಳೆ ಹೊಡೆದು ಮುಚ್ಚಿದ್ದ ಪಡುವಣ ಕಿಟಕಿಯನ್ನು ತೆಗೆಸಿದ. ಮಧ್ಯಾಹ್ನ ಟೀ ಕುಡಿಯಲು ಬಿಡುವು ಕೊಡಿಸಿದ. ಯಾರು ಯಾರ ಪಕ್ಕ ಕೂರಬೇಕೆಂದು ಹೆಂಗಸರೇ ಹೇಳಲಿ ಎಂದ. ಕಂಬಗಳ ಪಕ್ಕ ನಿಂತು ಒಬ್ಬೊಬ್ಬರನ್ನೇ ಕೇಳುತ್ತಿದ್ದ: ಬೆನ್ನು ನೋಯುತ್ತದೆಯೇ, ಬೆಳಕು ಸಾಲುತ್ತದೆಯೇ, ಏನಿದ್ದರೆ ಚೆನ್ನ. ಅಷ್ಟು ವರ್ಷ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹಿರಿಯಳಾದ ಮುನಿಗಂಗಮ್ಮ, ಉರಿಗಾಂನ ಗಣಿ ಕೂಲಿಗಳ ಲೈನುಮನೆಯ ವಿಧವೆ, ಅವನ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು.

ಚೀಲಗಳ ರಾಶಿ ದಿನದಿಂದ ದಿನಕ್ಕೆ ಎತ್ತರವಾಯಿತು. ಅಶ್ವತ್ಥಮ್ಮ ಬೈದಿದ್ದಕ್ಕಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅವಳಿಗಂತೂ ಕಾಣುತ್ತಿತ್ತು.

ಇಷ್ಟು ಸಾಲದೆಂಬಂತೆ ಅವನೂ ಬಂಗಾರಪೇಟೆಯಲ್ಲೇ ಸೋದರತ್ತೆಯ ಮನೆಯಲ್ಲಿದ್ದ. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಎದುರಿಗೇ ಬಂದು ಕೂತ.

"ಬೇರೆ ಡಬ್ಬಿ ಇಲ್ವಾ?" ಅಂದಳು.

"ಇದೆ. ಅಲ್ಲಿ ನನ್ನ ಮೇಲೆ ಸಿಟ್ಟಿರೋರು ಯಾರೂ ಇಲ್ಲ."

"ಸಿಟ್ಟಿರೋರು ಬೇಕಾ ನಿಮ್ಗೆ?"

"ಸಿಟ್ಟಿದ್ರೆ ನಿಜ ಹೇಳ್ತಾರೆ."

ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಾಗಿ, ಗೊತ್ತಾದದ್ದು ಅವನಿಗೆ ಗೊತ್ತಾಗದಿರಲೆಂದು ಹೊರಗಿನ ರಾಗಿ ಹೊಲಗಳನ್ನು ಹಟ ಹಿಡಿದು ನೋಡಿದಳು.

ಅವಳ ಮಡಿಲಲ್ಲಿ ಇಂಗ್ಲಿಷ್ ಪಠ್ಯವಿತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ಶಾಲೆ ಬಿಟ್ಟವಳು, ಈಗ ಖಾಸಗಿಯಾಗಿ ಪರೀಕ್ಷೆ ಕಟ್ಟಬೇಕೆಂದಿದ್ದಳು. ರೈಲು ಹತ್ತಿದಾಗ ತೆಗೆದ ಪುಟ ಇಳಿಯುವಾಗಲೂ ಅದೇ ಇರುತ್ತಿತ್ತು. ಅವನು ಅದನ್ನೂ ಗಮನಿಸಿದ. ಮಾರನೆಯ ದಿನ ಕಡ್ಲೆಕಾಯಿ ಪೊಟ್ಟಣ ತಂದು ಅವಳ ಮುಂದಿಟ್ಟ.

"ಒಂದು ಪ್ಯಾರಾ ಓದಿದ ಮೇಲೆ ಒಂದು ಕಾಯಿ. ಮನಸ್ಸಿಗೆ ಹೀಗೆ ಸಣ್ಣ ಸಣ್ಣ ಬಹುಮಾನ ಕೊಟ್ರೆ ಅದು ಮುಂದಿನದಕ್ಕೆ ತಾನೇ ಓಡುತ್ತಂತೆ. ನಮಗೆ ಪಾಠದಲ್ಲಿದೆ."

ಅಶ್ವತ್ಥಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟು, ಒಂದಕ್ಷರ ಓದದೆ, ಇಡೀ ಪೊಟ್ಟಣವನ್ನು ಸುಲಿದು ತಿಂದಳು. ಸಿಪ್ಪೆಯನ್ನು ಅವನ ಕೈಗೆ ಕೊಟ್ಟಳು.

"ನಿಮ್ ಪಾಠ ಮುಗೀತು."

ಅವನು ನಕ್ಕ. ಜೋರಾಗಿ, ಡಬ್ಬಿಯವರೆಲ್ಲ ತಿರುಗಿ ನೋಡುವ ಹಾಗೆ. ಅವಳಿಗೂ ನಗು ಬಂತು. ಬಾಯಿ ತುಂಬ ಕಡ್ಲೆಕಾಯಿ ಇದ್ದದ್ದರಿಂದ ಬಚಾವಾದಳು.

ಮಾರನೆಯ ದಿನ ಕಡ್ಲೆಕಾಯಿಯನ್ನು ಅವಳೇ ತಂದಿದ್ದಳು. ಪ್ಯಾರಾ ಓದಿ ಕಾಯಿ ಸುಲಿದಳು. ಅವನು ಹುಬ್ಬನ್ನು ಮಾತ್ರ ಒಂದಿಷ್ಟು ಮೇಲೆತ್ತಿದ. ಆ ಹುಬ್ಬನ್ನು ಹಿಡಿದು ಕೆಳಗೆಳೆಯಬೇಕೆನ್ನಿಸಿತು ಅವಳಿಗೆ.

ಹೀಗೆ ಮಾತು ಬೆಳೆಯಿತು. ಮನುಷ್ಯನ ಬಯಕೆಗಳೆಲ್ಲ ಮೆಟ್ಟಿಲಿನ ಹಾಗೆ ಎಂದು ಅವನು ಹೇಳುತ್ತಿದ್ದ: ಕೆಳಗೆ ಹೊಟ್ಟೆ, ಅದರ ಮೇಲೆ ನಾಳೆಯ ಭಯ ಇಲ್ಲದಿರುವುದು, ಅದರ ಮೇಲೆ ನಮ್ಮವರು ಅನ್ನುವವರು, ಅದಕ್ಕೂ ಮೇಲೆ ಮರ್ಯಾದೆ.

"ನಾನು ಯಾವ ಮೆಟ್ಲ ಮೇಲಿದೀನಿ?"

"ನೀವು ಹತ್ತೋದೇ ಇಲ್ಲ. ಕೆಳಗೆ ನಿಂತು ಮೆಟ್ಟಿಲಿಗೇ ಬೈತೀರಿ."

ಅವಳು ಪುಸ್ತಕ ಎತ್ತಿ ಅವನ ಮೊಣಕಾಲಿಗೆ ಹೊಡೆದಳು. ಮೆಲ್ಲಗೆ ಹೊಡೆದದ್ದು ತನಗೇ ಆಶ್ಚರ್ಯವಾಯಿತು.

"ಒಂದು ದಿನ ಬೈಯದೆ ಇದ್ದು ನೋಡಿ," ಅಂದ. "ಬೈಯೋ ಬದಲು ಕೇಳಿ."

ಹಟಕ್ಕೆ ಇದ್ದಳು. ಸಂಜೆಯ ಹೊತ್ತಿಗೆ ಮುನಿಗಂಗಮ್ಮ ಬಂದು ಅವಳ ಹಣೆ ಮುಟ್ಟಿ ನೋಡಿದಳು. "ಮೈ ಉಷಾರಿಲ್ವೇನಮ್ಮಿ? ಬೆಳಗ್ಗೆಯಿಂದ ಒಂದು ಬೈಗುಳ ಇಲ್ಲ!"

ದೂರದಲ್ಲಿ ಕಂಬಕ್ಕೊರಗಿ ನಿಂತಿದ್ದ ಚಲಪತಿ ಇದನ್ನು ಕೇಳಿಸಿಕೊಂಡು ಅವಳ ಕಡೆ ನೋಡಿದ. ಆ ನೋಟದಲ್ಲಿ ಗೇಲಿ ಇರಲಿಲ್ಲ. ಅಶ್ವತ್ಥಮ್ಮ ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

ಆಮೇಲೊಂದು ಬೆಳಿಗ್ಗೆ ರೈಲಿನಲ್ಲಿ ಅವನು ಬಹಳ ಹುರುಪಿನಲ್ಲಿದ್ದ. ಕದಿರಪ್ಪನವರಿಗೆ ಎಲ್ಲವನ್ನೂ ವಿವರಿಸಿದೆ, ಅವರು ಬೆನ್ನು ತಟ್ಟಿದರು ಅಂದ. ಅದೇ ಹುರುಪಿನಲ್ಲಿ ಅವಳಿಗೊಂದು ಕಥೆ ಹೇಳಿದ.

"ಅಮೆರಿಕದಲ್ಲಿ ಒಂದು ಕಾರ್ಖಾನೆ. ಕೆಲಸಗಾರರ ಕೋಣೇಲಿ ಬೆಳಕು ಹೆಚ್ಚಿಸಿ ನೋಡಿದ್ರಂತೆ, ಕೆಲಸ ಹೆಚ್ಚಾಯ್ತು. ಬೆಳಕು ಕಡಿಮೆ ಮಾಡಿದ್ರಂತೆ, ಆಗಲೂ ಹೆಚ್ಚಾಯ್ತು! ಯಾಕೆ ಗೊತ್ತಾ? ಬೆಳಕಲ್ಲ ಕಾರಣ. ಯಾರೋ ತಮ್ಮನ್ನ ಗಮನಿಸ್ತಾ ಇದ್ದಾರೆ, ತಮ್ಮ ಮಾತು ಕೇಳ್ತಾ ಇದ್ದಾರೆ ಅನ್ನೋದು. ಅಷ್ಟು ಸಾಕು, ಮನುಷ್ಯ ಅರಳಿಬಿಡ್ತಾನೆ. ನಮ್ಮ ಶೆಡ್ಡಲ್ಲೂ ಅದೇ ಆಗಿದ್ದು!"

ಅಶ್ವತ್ಥಮ್ಮ ಸುಲಿಯುತ್ತಿದ್ದ ಕಾಯಿಯನ್ನು ಹಾಗೇ ಹಿಡಿದಳು.

"ಅಂಗಾರೆ ಮುನಿಗಂಗಮ್ಮನ ಬೆನ್ನು ನೋವು ಕೇಳಿದ್ದು?"

"ಅದು... ವಿಧಾನ."

"ನನ್ ಕೇಳಿದ್ದು? ರೈಲಲ್ಲಿ ಎದುರಿಗೆ ಕೂತಿದ್ದು, ಕಡ್ಲೆಕಾಯಿ, ನಗು? ಮೇಸ್ತ್ರಿ ಒಬ್ಳು ಬಗ್ಗಿದ್ರೆ ಶೆಡ್ಡೆಲ್ಲಾ ಬಗ್ತೈತೆ ಅಂತಾನಾ?"

ಅವನು ಸುಳ್ಳು ಹೇಳಬಹುದಿತ್ತು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಮೊದಮೊದಲು... ಹೌದು."

ಕಾಯಿ ಅವಳ ಕೈಯಲ್ಲಿ ಪುಡಿಯಾಯಿತು. ರೈಲು ಮುಂದಿನ ಸ್ಟೇಷನ್ನಿನಲ್ಲಿ ನಿಂತಾಗ ಎದ್ದು ಬೇರೆ ಡಬ್ಬಿಗೆ ಹೋಗಿ ಕೂತಳು. ಒಬ್ಬನು ತನ್ನನ್ನು ನೋಡುತ್ತಿದ್ದಾನೆಂದು ಬೆಳಿಗ್ಗೆ ಬೇಗ ಎದ್ದು ಜಡೆ ಬಿಗಿದುಕೊಂಡು, ಹೂ ಮುಡಿದುಕೊಂಡು ಬರುತ್ತಿದ್ದಳಲ್ಲ! ಕೂದಲಿಂದ ಕನಕಾಂಬರ ಕಿತ್ತು ಹಳಿಯ ಮೇಲೆಸೆದಳು.

ಅವತ್ತೇ ಕದಿರಪ್ಪನವರು ಶೆಡ್ಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ನೋಡ್ರಮ್ಮಾ. ಇಷ್ಟು ಚೀಲ ಒಲಿಯೋ ಶಕ್ತಿ ನಿಮ್ಗೆ ಮೊದ್ಲಿಂದ್ಲೂ ಇತ್ತು. ಸುಮ್ನೆ ಕಳ್ಳಾಟ ಆಡ್ತಿದ್ರಿ. ಮನಶ್ಶಾಸ್ತ್ರದ ಸಾರು ತೋರಿಸ್ಕೊಟ್ರು. ಇನ್ಮೇಲೆ ಇದೇ ಲೆಕ್ಕ. ಇಷ್ಟು ಜನ ಬೇಕಿಲ್ಲ. ಕೊನೇ ಸಾಲಿನೋರು ನಾಳೆಯಿಂದ ಬರೋದು ಬ್ಯಾಡ. ಟೀ ಗೀ ಎಲ್ಲಾ ಸಾಕು."

ಕೊನೆಯ ಸಾಲಿನ ತುದಿಯಲ್ಲಿ ಕೂತಿದ್ದವಳು ಮುನಿಗಂಗಮ್ಮ. ಅವಳು ಅಳಲಿಲ್ಲ. ಹೊಲಿಯುತ್ತಿದ್ದ ಚೀಲವನ್ನು ಮುಗಿಸಿ, ದಾರ ಕಡಿದು, ಮಡಿಸಿಟ್ಟಳು.

ಬಾಗಿಲಲ್ಲಿ ನಿಂತಿದ್ದ ಚಲಪತಿಯ ಮುಖ ಬಿಳಿಚಿಕೊಂಡಿತ್ತು. ಅಶ್ವತ್ಥಮ್ಮ ನೇರ ಅವನ ಮುಂದೆ ಹೋಗಿ ನಿಂತಳು.

"ನನಗೆ ಗೊತ್ತಿರಲಿಲ್ಲ," ಅಂದ ಅವನು.

"ಗೊತ್ತಿರ್ಲಿಲ್ವಾ? ನಮ್ಮೆಲ್ಲರ ಮನಸು ಓದ್ದೋರ್ಗೆ ಕದಿರಪ್ಪನೋರ ಮನಸು ಓದಕ್ಕೆ ಬರ್ಲಿಲ್ವಾ? ನಮ್ಮೊಟ್ಟೆ ಒಳಗಿರೋದನ್ನೆಲ್ಲ ಬಾಯಿ ಬಿಡಿಸಿ, ಒಯ್ದು ಅವರ ಕೈಗೆ ಕೊಟ್ರಲ್ಲ! ನೀವು ಬೈದಿದ್ರೆ ವಾಸಿಯಾಗಿತ್ತು. ಬೈಯೋರ್ ಮುಂದೆ ಯಾರೂ ಬಾಯಿ ಬಿಡಲ್ಲ."

ಅವನು ಏನೋ ಹೇಳಲು ಹೋದ.

"ನಿಮ್ಮ ಮುಖ ನೋಡಕ್ಕೂ ಅಸಹ್ಯ ಆಗ್ತೈತೆ," ಅಂದು, ಎಲ್ಲರ ಮುಂದೆ ಅವನ ಕಾಲ ಬಳಿ ಉಗುಳಿ, ಹೊರಗೆ ನಡೆದಳು. ಹೆಂಗಸರೆಲ್ಲ ಅವಳ ಹಿಂದೆ ಹೊರಟರು.

ಶೆಡ್ಡಿನ ಎದುರಿಗಿದ್ದ ಹೊಂಗೆ ಮರದ ಕೆಳಗೆ ಕೂತರು. ಯಾರೂ ಒಳಗೆ ಹೋಗಬಾರದು, ಕೊನೇ ಸಾಲಿನವರನ್ನು ವಾಪಸ್ಸು ಕರೆಯುವ ತನಕ ಎಂದು ಮಾತಾಯಿತು. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬಗಳ ಕಡೆಯಿಂದ ಬಿಳಿ ಧೂಳು ಗಾಳಿಗೆ ಎದ್ದು ಕಣ್ಣೊಳಗೆ ಹೋಗುತ್ತಿತ್ತು. ಮಾರನೆಯ ದಿನವೂ ಬಂದು ಕೂತರು. ಅದರ ಮಾರನೆಯ ದಿನ ಕೆಲವರು ಅಲುಗಾಡತೊಡಗಿದರು. ಅಶ್ವತ್ಥಮ್ಮ ಗಂಟಲು ಹರಿಯುವ ಹಾಗೆ ಬೈದಳು. ಬೈದಷ್ಟೂ ಅವರು ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು ಶೆಡ್ಡಿನ ಕಡೆ ನಡೆದರು.

ನರಸಮ್ಮ ಎಂಬ ಎಳೆಯ ವಯಸ್ಸಿನವಳೂ ಎದ್ದು ನಿಂತಳು. ಅಶ್ವತ್ಥಮ್ಮನ ನಾಲಗೆಯ ತುದಿಗೆ ಬೈಗುಳ ಬಂದಿತ್ತು. ಅದನ್ನು ನುಂಗಿದಳು. ಇವಳೂ ಹೋದರೆ ಉಳಿದವರೂ ಹೋಗುತ್ತಾರೆ. ಬೈಯೋ ಬದಲು ಕೇಳಿ ಅಂದಿದ್ದನಲ್ಲ ಅವನು! ಅವನ ಮಾತು ತನ್ನ ಬಾಯಲ್ಲಿ ಬರುತ್ತಿದೆಯೆಂದು ಮೈಯೆಲ್ಲ ಉರಿಯಿತು. ಆದರೂ ಕೇಳಿದಳು.

"ಯಾಕಮ್ಮಿ? ಏನ್ ಭಯ ನಿಂಗೆ?"

ನರಸಮ್ಮ ಅಲ್ಲೇ ಕುಕ್ಕರಿಸಿದಳು. ಗಂಡ ಗಣಿಯಲ್ಲಿ ಕೆಲಸ ಮಾಡುವವನು, ಈಚೆಗೆ ಕೆಮ್ಮು ನಿಲ್ಲುತ್ತಿಲ್ಲ. ಡಾಕ್ಟರರ ಹತ್ತಿರ ಹೋಗಲೊಲ್ಲ. ಎದೆಯ ಕಾಯಿಲೆ ಅಂದುಬಿಟ್ಟರೆ ಕೆಲಸವೂ ಹೋಗುತ್ತದೆ, ಲೈನಿನ ಮನೆಯೂ ಹೋಗುತ್ತದೆ. ಅದರ ಮೇಲೆ ತನ್ನ ಕೂಲಿಯೂ ನಿಂತರೆ? ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅಶ್ವತ್ಥಮ್ಮನ ಕೈ ಹಿಡಿದುಕೊಂಡಳು. ಅಶ್ವತ್ಥಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೇಳುತ್ತಲೇ ಇದ್ದಳು. ಎಷ್ಟೋ ಹೊತ್ತಾದ ಮೇಲೆ ಥಟ್ಟನೆ ಹೊಳೆಯಿತು: ಇವಳನ್ನು ಇಲ್ಲಿ ಕೂರಿಸಿಕೊಳ್ಳುವುದಕ್ಕೆಂದು ಕೇಳಲು ಶುರುಮಾಡಿದವಳು ತಾನು. ಆ ಕಾರಣ ಯಾವಾಗ ಮರೆತುಹೋಯಿತೋ ತಿಳಿಯಲೇ ಇಲ್ಲ.

ಅವಳು ತಲೆಯೆತ್ತಿ ಶೆಡ್ಡಿನ ಬಾಗಿಲ ಕಡೆ ನೋಡಿದಳು. ಮೊದಮೊದಲು ಹೌದು, ಅಂದಿದ್ದ ಅವನು. ಆಮೇಲಿನ ಮಾತನ್ನು ಹೇಳಲು ತಾನು ಬಿಟ್ಟಿರಲಿಲ್ಲ.

ನರಸಮ್ಮ ಮರದ ಕೆಳಗೇ ಉಳಿದಳು. ಅವಳು ಉಳಿದದ್ದನ್ನು ಕಂಡು ಒಳಗೆ ಹೋಗಿದ್ದವರೂ ಒಬ್ಬೊಬ್ಬರಾಗಿ ಬಂದು ಕೂತರು.

ಚೀಲ ಬಾರದೆ ಗಣಿಯ ಸ್ಟೋರ್ಸ್ ಆಫೀಸರು ತಾವೇ ಜೀಪಿನಲ್ಲಿ ಬಂದರು. ಕದಿರಪ್ಪನವರು ಕೈ ಮುಗಿದು, ಮೈಗಳ್ಳ ಹೆಂಗಸರು ಸಾರ್, ಬೇರೆಯವರನ್ನು ತಂದು ಇದೇ ಲೆಕ್ಕದಲ್ಲಿ ಹೊಲಿಸಿಕೊಡುತ್ತೇನೆ, ನಮ್ಮ ಮನಶ್ಶಾಸ್ತ್ರದವರನ್ನೇ ಕೇಳಿ ಅಂದರು. ಚಲಪತಿ ಬಾಗಿಲಿಗೆ ಬಂದ. ಹೊರಗೆ ಕೂತವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಿದ.

"ಆಗಲ್ಲ ಸಾರ್. ಕೆಲಸ ಹೆಚ್ಚಿದ್ದು ಇವರು ಮೊದಲು ಮೈಗಳ್ಳರಾಗಿದ್ದರು ಅಂತಲ್ಲ. ಇವರ ಮಾತು ಕೇಳಿದ್ದಕ್ಕೆ, ಕಿಟಕಿ ತೆಗೆದದ್ದಕ್ಕೆ, ಬಿಡುವು ಕೊಟ್ಟದ್ದಕ್ಕೆ, ತಮಗೆ ಬೇಕಾದವರ ಪಕ್ಕ ಕೂತದ್ದಕ್ಕೆ. ಕೊನೇ ಸಾಲು ಕಿತ್ತರೆ ಆ ಲೆಕ್ಕ ಯಾವತ್ತೂ ಬರಲ್ಲ. ಕದಿರಪ್ಪನವರು ಹೇಳ್ತಾ ಇರೋದು ಸುಳ್ಳು. ಸುಳ್ಳಿಗೆ ದಾರಿ ಮಾಡಿಕೊಟ್ಟವನು ನಾನು."

ಕದಿರಪ್ಪನವರ ಮುಖ ಕಪ್ಪಿಟ್ಟಿತು. "ನಡಿ ಆಚೆಗೆ! ನಿನ್ ಕಾಲೇಜಿಗೆ ನಿನ್ನ ಬಗ್ಗೆ ಒಳ್ಳೇ ಮಾತು ನನ್ ಬಾಯಿಂದ ಬರಲ್ಲ, ತಿಳ್ಕೋ. ಈ ವರ್ಷ ನಿಂಗೆ ಡಿಪ್ಲೊಮಾ ಅನ್ನೋದು ಮರ್ತ್ಬಿಡು!"

ಚಲಪತಿ ಮೆಟ್ಟಿಲಿಳಿದು ಬಂದ. ಹೊಂಗೆ ಮರದ ಪಕ್ಕದಲ್ಲೇ ಹಾದುಹೋದ. ಅವಳು ಕರೆಯುತ್ತಾಳೆಂದು ಕಾಯಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಅಶ್ವತ್ಥಮ್ಮ ಮಾತ್ರ ಅವನು ರಸ್ತೆಯ ತಿರುವು ದಾಟುವ ತನಕ ಆ ಬೆನ್ನನ್ನು ನೋಡಿದಳು. ಕರೆಯಲಿಲ್ಲ. ಅಷ್ಟು ಬೇಗ ಕರಗುವ ಸಿಟ್ಟಲ್ಲ ಅವಳದು.

ಆಫೀಸರಿಗೆ ಬೇಕಾದದ್ದು ಚೀಲ. ವಾರದೊಳಗೆ ಬಾರದಿದ್ದರೆ ಬೇರೆಯವರಿಗೆ ಆರ್ಡರು ಎಂದು ಹೇಳಿ ಹೋದರು. ಸಂಜೆ ಕದಿರಪ್ಪನವರು ಹೊರಗೆ ಬಂದು, ಎಲ್ಲರೂ ಬನ್ನಿ, ಕೊನೇ ಸಾಲಿನವರೂ ಬನ್ನಿ, ಕಿಟಕಿಗಿಟಕಿ ಹಾಗೇ ಇರಲಿ ಅಂದರು. ಬೆರಳನ್ನು ಅಶ್ವತ್ಥಮ್ಮನ ಕಡೆ ತೋರಿಸಿದರು. "ಇವಳೊಬ್ಳು ಬಿಟ್ಟು."

"ಅಂಗಾದ್ರೆ ನಾವೂ ಬರಲ್ಲ," ಅಂದಳು ಮುನಿಗಂಗಮ್ಮ.

ಅಶ್ವತ್ಥಮ್ಮ ಸೀರೆಯ ಧೂಳು ಕೊಡವಿಕೊಂಡು ಎದ್ದಳು. "ಓಗ್ರಿ ಒಳಕ್ಕೆ! ಇಷ್ಟು ದಿನ ಕೂತಿದ್ದು ಇದ್ನ ಕಳ್ಕೊಳ್ಳಕ್ಕಾ? ನನ್ ಬೈಗುಳ ಕೇಳಿ ಸಾಕಾಗಿಲ್ವಾ ನಿಮ್ಗೆ? ಓಗ್ರಿ ಅಂದ್ರೆ ಓಗ್ಬೇಕು."

ಯಾರ ಮುಖವನ್ನೂ ನೋಡದೆ ಸ್ಟೇಷನ್ನಿನ ಕಡೆ ಬಿರಬಿರನೆ ನಡೆದಳು.

ಹಳ್ಳಿಯಲ್ಲಿ ತಾಯಿ ಪಿಳ್ಳಮ್ಮ ಏನೂ ಕೇಳದೆ ಎಮ್ಮೆಯ ಹಗ್ಗವನ್ನು ಮಗಳ ಕೈಗೆ ಕೊಟ್ಟಳು. ದಿನಗಳು ಹೋದವು. ಅಶ್ವತ್ಥಮ್ಮ ಮನೆಯಲ್ಲಿ ಎಲ್ಲದರ ಮೇಲೂ ಹರಿಹಾಯುತ್ತಿದ್ದಳು: ಒಲೆಯ ಮೇಲೆ, ಕೊಡದ ಮೇಲೆ, ಎಮ್ಮೆಯ ಮೇಲೆ. ಇಂಗ್ಲಿಷ್ ಪುಸ್ತಕ ಓದುವುದನ್ನು ಮಾತ್ರ ಬಿಡಲಿಲ್ಲ.

ಒಂದು ಬೆಳಿಗ್ಗೆ ಊರಾಚೆಯ ಕುಂಟೆಯಲ್ಲಿ ಎಮ್ಮೆಯನ್ನು ನೀರಿಗಿಳಿಸಿ ಕಲ್ಲಿನ ಮೇಲೆ ಕೂತಿದ್ದಾಗ ಚಲಪತಿ ಏರಿಯ ಮೇಲಿಂದ ಇಳಿದು ಬಂದ. ಷೂ ತುಂಬ ಕೆಸರು.

"ಯಾಕ್ ಬಂದ್ರಿ?"

"ಒಂದು ಮಾತು ಹೇಳೋದಿತ್ತು."

"ಏಳಿ. ಎಮ್ಮೆ ಮೇಲಕ್ಕೆ ಬರೋ ತನ್ಕ ಟೈಮ್ ಐತೆ."

ಅವನು ಗಂಟಲು ಸರಿಮಾಡಿಕೊಂಡ. "ಅವತ್ತು ರೈಲಿನಲ್ಲಿ ನಾನು ಮೊದಮೊದಲು ಹೌದು ಅಂದಿದ್ದು ನಿಜ. ಆದರೆ ಆಮೇಲೆ..."

"ಆಮೇಲಿಂದು ನಂಗ್ ಗೊತ್ತು."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬೇಕಿಲ್ಲವಾಗಿ ಹೋದ ಹಾಗಿತ್ತು ಅವನ ಮುಖ.

"ನರಸಮ್ಮನ್ನ ಉಳಿಸ್ಕೊಳ್ಳಕ್ಕೆ ಅಂತ ನಿಮ್ ತರಾನೇ ಕೇಳ್ದೆ," ಅಂದಳು ನೀರಿನ ಕಡೆ ನೋಡುತ್ತ. "ಕೇಳ್ತಾ ಕೇಳ್ತಾ ಯಾಕ್ ಕೇಳ್ದೆ ಅನ್ನೋದೇ ಮರ್ತೋಯ್ತು. ನಿಮಗೂ ಅಂಗೇ ಆಗಿರ್ಬೋದು ಅನ್ನಿಸ್ತು. ಅನ್ನಿಸಿದ್ಕೆ ಇನ್ನೂ ಸಿಟ್ಟು ಬಂತು."

"ಹಾಗಾದರೆ ಕ್ಷಮಿಸಿದ್ರಾ?"

"ಇಲ್ಲ. ಜನ ನಂಬಿ ಏಳಿದ್ನ ಒಯ್ದು ಯಜಮಾನನ ಕೈಗೆ ಕೊಟ್ರಿ. ಅದ್ನ ಎಂಗೆ ಕ್ಷಮಿಸ್ಲಿ? ಇನ್ನೊಂದ್ಸಲ ಕೊಡಲ್ಲ ಅಂತ ನಾನೇ ನೋಡ್ಬೇಕು. ಕಣ್ಣಾರೆ."

"ನೋಡೋದಕ್ಕೆ ಹತ್ತಿರ ಇರಬೇಕಾಗುತ್ತೆ," ಅಂದ ಅವನು ಮೆಲ್ಲಗೆ.

ಅವಳು ತಿರುಗಿದಳು. ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಅದಿಲ್ಲದೆ ಅವನ ಕಣ್ಣುಗಳು ಬೇರೆಯೇ ಥರ, ಈಗಷ್ಟೇ ನಿದ್ದೆಯಿಂದ ಎದ್ದವನ ಹಾಗೆ. ಬೆಂಗಳೂರಿನ ಮಾತು ಜಾರಿ ಬಿತ್ತು. ಬೇತಮಂಗಲದ ಹೊಲದಲ್ಲಿ ಬೆಳೆದವನ ಮಾತು ಬಂತು.

"ನಿನ್ ಬಿಟ್ಟು ಇರಕ್ಕೆ ನನ್ ಕೈಲಿ ಆಗ್ತಿಲ್ಲ ಕಣೇ ಅಶ್ವತ್ಥಾ. ಬೆಂಗ್ಳೂರು ಸೇರ್ಕೊಂಡೆ. ಕ್ಲಾಸಲ್ಲಿ ಕೂತೆ. ಇನ್ನೊಂದು ವರ್ಷ ಓದ್ಬೇಕಂತೆ, ಓದ್ತೀನಿ. ಆದ್ರೆ ಅಲ್ಲಿ ಎಲ್ಲಾರೂ ಮರ್ಯಾದೆಯಾಗಿ ಮಾತಾಡ್ತಾರೆ, ಒಬ್ರೂ ನಿಜ ಏಳಲ್ಲ. ಬೈದ್ರೂ ಸರಿ, ಓಡ್ಸಿದ್ರೂ ಸರಿ, ಇದ್ನ ಏಳಿ ಓಗಾನಾ ಅಂತ ಬಂದೆ."

ಕುಂಟೆಯಲ್ಲಿ ಎಮ್ಮೆ ಉಸಿರು ಬಿಟ್ಟ ಸದ್ದು ಕೇಳಿಸಿತು.

"ಯಾರ್ಗೆ ನೀನು ಅಂದಿದ್ದು?" ಅಂದಳು ಅಶ್ವತ್ಥಮ್ಮ.

ಅವನು ಗಾಬರಿಯಾದ. "ತಪ್ಪಾಯ್ತು. ನೀವು..."

"ಅಂದ್ಮೇಲೆ ಅಂದಂಗೆ. ವಾಪಸ್ ತಗೋಬ್ಯಾಡ."

ಇದು ಒಪ್ಪಿಗೆಯೋ ಬೈಗುಳವೋ ತಿಳಿಯದೆ ಅವನು ಅವಳ ಮುಖವನ್ನೇ ನೋಡಿದ. ಅವಳ ಕಿವಿಯ ತುದಿ ಕೆಂಪಾಗುವುದನ್ನು ಕಂಡ ಮೇಲೆ ತಿಳಿಯಿತು. ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಂತ್ಕೋ," ಅಂದಳು. "ನಾನು ಕಾಯ್ಕೊಂಡು ಕೂತಿರ್ತೀನಿ ಅಂದ್ಕೋಬ್ಯಾಡ. ಮುನಿಗಂಗಮ್ಮನ ತಾವ ಹಳೇ ಮಿಷನ್ ಐತೆ. ಬಂಗಾರಪೇಟೇಲಿ ನಾವೇ ಒಂದು ಅಂಗಡಿ ಆಕ್ತೀವಿ. ಪರೀಕ್ಷೆ ಕಟ್ತೀನಿ. ನೀನು ಓದ್ ಮುಗಿಸ್ಕೊಂಡು ಬಾ. ಬರುವಾಗ ನಿಮ್ಮಮ್ಮನ್ನೂ ಕರ್ಕೊಂಡು ಬಾ. ನನ್ ಬಾಯಿ ಎಂಥದ್ದು ಅಂತ ಅವರ್ಗೆ ಮೊದ್ಲೇ ಏಳಿರು, ಆಮೇಲೆ ಮೋಸ ಓದ್ವಿ ಅನ್ನಬಾರ್ದು."

"ಏಳಿದೀನಿ."

"ಏನಂದ್ರು?"

"ಬೇಗ ಕರ್ಕೊಂಡು ಬಾ ಅಂದ್ರು. ನನ್ನ ಒಬ್ರೇ ಬೈದು ಬೈದು ಅವರ್ಗೆ ಸುಸ್ತಾಗೈತಂತೆ."

ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ನಿಲ್ಲಲಿಲ್ಲ. ಬಗ್ಗಿ, ಕಲ್ಲಿನ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ, ಅವಳ ಪಕ್ಕದಲ್ಲಿ, ಒಂದು ಕೈಯಷ್ಟು ದೂರ ಬಿಟ್ಟು ಕಲ್ಲಿನ ಮೇಲೆ ಕೂತ. ಅವಳು ಏಳು ಮೇಲೆ ಅನ್ನಲಿಲ್ಲ.